ಕಣ್ಣು ಮುಚ್ಚಿ ಸುಮ್ಮನಿರುವ ಐದು ನಿಮಿಷ

ತಲೆಗೆ ಎಣ್ಣೆ ಹಾಕಿಕೊಂಡು ಬರಬೇಡಿ ಎಂದು ನಾನು ಫೋನಿನಲ್ಲಿ ಮೂರು ಭಾಷೆಗಳಲ್ಲಿ ಹೇಳುತ್ತಿದ್ದೆ. ಹಲವು ಭಾಷೆಯವರಿರುವ ಮರ್ಫಿ ಟೌನಿನಲ್ಲಿ ಹುಟ್ಟಿ ಬೆಳೆದವಳಿಗೆ ಅದೇನೂ ದೊಡ್ಡ ವಿದ್ಯೆಯಲ್ಲ. ಕನ್ನಡದಲ್ಲಿ ಗದರುತ್ತಿದ್ದೆ, ತಮಿಳಿನಲ್ಲಿ ಗೋಗರೆಯುತ್ತಿದ್ದೆ, ದಖ್ಖನಿ ಉರ್ದುವಿನಲ್ಲಿ ಆಣೆ ಹಾಕಿಸಿಕೊಳ್ಳುತ್ತಿದ್ದೆ. ಆದರೂ ಮಾರನೆಯ ಬೆಳಿಗ್ಗೆ ಬಂದವರ ತಲೆ ಮಿರಮಿರ ಮಿಂಚುತ್ತಿತ್ತು. "ಆಸ್ಪತ್ರೆಗೆ ತಲೆ ತೋರ್ಸಕ್ಕೆ ಅಂತ ಬರೋವಾಗ ಒಣಕಲು ತಲೇಲಿ ಬರಕ್ಕಾಗುತ್ತೇನಮ್ಮಾ? ನೋಡಿದವ್ರು ಏನಂದ್ಕೊಂಡಾರು?" ಎಂದು ನನಗೇ ಬುದ್ಧಿ ಹೇಳುತ್ತಿದ್ದರು.

ನನ್ನ ಕೆಲಸ ಮಿದುಳಿನ ಅಲೆಗಳನ್ನು ದಾಖಲಿಸುವುದು. ತಲೆಗೆ ಬಟ್ಟೆಯ ಟೋಪಿ ತೊಡಿಸಿ, ಅದರಲ್ಲಿರುವ ಒಂದೊಂದು ತೂತಿಗೂ ಜೆಲ್ ತುಂಬಿ, ಚರ್ಮಕ್ಕೂ ತಂತಿಗೂ ಸಂಪರ್ಕ ಕೂಡಿಸಬೇಕು. ಸಂಪರ್ಕ ಕೂಡಿದರೆ ಪರದೆಯ ಮೇಲಿನ ಚುಕ್ಕಿ ಕೆಂಪಿನಿಂದ ಹಸಿರಿಗೆ ತಿರುಗುತ್ತದೆ. ಎಣ್ಣೆ ಇದ್ದರೆ ತಿರುಗುವುದಿಲ್ಲ, ಅಷ್ಟೇ ವಿಷಯ. ಕೊನೆಗೆ ನಾನೂ ನಮ್ಮ ನರ್ಸೂ ಸೇರಿ ಕೈತೊಳೆಯುವ ಬೇಸಿನ್ನಿನ ಪಕ್ಕ ಒಂದು ಬಕೆಟ್, ಒಂದು ಚೊಂಬು, ಶಾಂಪೂ ಪ್ಯಾಕೆಟ್ಟುಗಳ ಸರ, ಹೇರ್ ಡ್ರೈಯರ್ ಇಟ್ಟುಕೊಂಡೆವು. ಎಣ್ಣೆ ತಲೆಯವರಿಗೆ ನಾವೇ ತಲೆ ತೊಳೆದೆವು. "ಸಂಶೋಧನೆ ಅಂತ ಕರ್ದು ಅಭ್ಯಂಜನ ಮಾಡಿಸ್ತೀರಲ್ರೇ!" ಎಂದು ನಗುತ್ತಾ ಅವರು ತಲೆ ಬಗ್ಗಿಸುತ್ತಿದ್ದರು. ನನಗೆ ಸೊಂಟ ನೋವು, ಅವರಿಗೆ ಹಬ್ಬ.

ಹಲಸೂರು ಕೆರೆಯ ಹತ್ತಿರ, ಒಂದು ಹಳೆಯ ಮನೆಯ ಕೆಳಭಾಗದಲ್ಲಿ ನಮ್ಮ ಪುಟ್ಟ ಕ್ಲಿನಿಕ್ ಇದೆ. ಮರೆವಿನ ಕಾಯಿಲೆಯವರು ಬರುವ ಜಾಗ. ಅಲ್ಲಿ ಒಂದು ಅಧ್ಯಯನ ಶುರುವಾಗಿತ್ತು, ಊರಿನ ಬೇರೆ ಭಾಗಗಳ ಇನ್ನೆರಡು ಕೇಂದ್ರಗಳಲ್ಲೂ ಅದು ನಡೆಯುತ್ತಿತ್ತು. ವಿಷಯವನ್ನು ನಮ್ಮ ಹಿರಿಯ ಡಾಕ್ಟರು ಮೊದಲ ದಿನವೇ ಬಿಡಿಸಿ ಹೇಳಿದ್ದರು. ಆಲ್ಝೈಮರ್ಸ್ ಕಾಯಿಲೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ನರಕೋಶಗಳ ಸುತ್ತ ಗಂಟುಗಂಟಾಗಿ ಕೂಡಿಕೊಳ್ಳುತ್ತದೆ. ಟೌ ಎಂಬ ಇನ್ನೊಂದು ಪ್ರೋಟೀನು ಕೋಶದ ಒಳಗೇ ಸಿಕ್ಕುಗಟ್ಟುತ್ತದೆ. ಮರೆವು ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ಇದೆಲ್ಲ ಶುರುವಾಗಿರುತ್ತದೆ. ವಿಚಿತ್ರವೆಂದರೆ ಅಮೈಲಾಯ್ಡ್ ಸುತ್ತಿಕೊಂಡ ಕೋಶಗಳು ಮೊದಮೊದಲು ಮಂಕಾಗುವುದಿಲ್ಲ, ಅತಿಯಾಗಿ ಚಟುವಟಿಕೆ ಮಾಡುತ್ತವೆ. ಟೌ ಹೆಚ್ಚಾದಂತೆ ಒಂದೊಂದೇ ಕೋಶ ಸುಮ್ಮನಾಗುತ್ತದೆ. ಕಾಯಿಲೆ ಬಲಿತಾಗ ಇಡೀ ಮಿದುಳಿನ ಅಲೆಗಳೇ ನಿಧಾನವಾಗುತ್ತವೆ. ಇನ್ನೂ ನೆನಪು ಚೆನ್ನಾಗಿಯೇ ಇರುವ ಹಿರಿಯರಲ್ಲಿ ಆ ನಿಧಾನದ ಮೊದಲ ಸುಳಿವು ಅಲೆಗಳಲ್ಲಿ ಸಿಗುತ್ತದೆಯೇ ಎಂಬುದೇ ಪ್ರಶ್ನೆ. ರಕ್ತ ತೆಗೆದು ಪ್ರೋಟೀನು ಅಳೆಯುವವರು ಬೇರೆ. ಯಾರಲ್ಲಿ ಅದು ಜಾಸ್ತಿ, ಯಾರಲ್ಲಿ ಕಮ್ಮಿ ಎಂಬುದು ನನಗೆ ಗೊತ್ತಾಗಬಾರದು ಎಂಬುದು ನಿಯಮ. ಕಣ್ಣು ಮುಚ್ಚಿ ಏನೂ ಮಾಡದೆ ಕೂತಿರುವ ಐದು ನಿಮಿಷವನ್ನು ಚೊಕ್ಕಟವಾಗಿ ದಾಖಲಿಸಿಕೊಡುವುದಷ್ಟೇ ನನ್ನ ಪಾಲು.

ಐದೇ ನಿಮಿಷ! ಎಷ್ಟು ಸುಲಭ ಅಂದುಕೊಂಡಿದ್ದೆ.

ಮೊದಲ ಕಂತು ಕಳಿಸಿದ ವಾರದೊಳಗೆ ಅಲೆಗಳನ್ನು ಲೆಕ್ಕ ಹಾಕುವ ವಿಶ್ಲೇಷಕರ ಮೇಲ್ ಬಂತು. ಈತ ಇನ್ನೊಂದು ಊರಿನಲ್ಲಿ ಕೂತ ಮನುಷ್ಯ. ಮುಖ ನೋಡಿದವಳಲ್ಲ, ಫೋನಿನಲ್ಲಿ ಮಾತ್ರ ಪರಿಚಯ. ನಾನು ಕಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಿರಸ್ಕೃತ. ತಲೆಯ ಮುಂಭಾಗದಲ್ಲಿ ದೊಡ್ಡ ದೊಡ್ಡ ನಿಧಾನದ ಅಲೆಗಳು, ಕಿವಿಯ ಹತ್ತಿರ ದವಡೆಯ ಸ್ನಾಯುವಿನ ಗದ್ದಲ. ಫೋನ್ ಮಾಡಿ ಕೇಳಿದರೆ, "ನಿಮ್ಮ ಟೋಪಿ ಸರಿಯಾಗಿ ಕೂತಿಲ್ಲ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲ ಚುಕ್ಕಿ ಹಸಿರಾಗದೆ ನಾನು ಗುಂಡಿ ಒತ್ತಿದವಳೇ ಅಲ್ಲ. ಮಷೀನಿನ ದೋಷ ಇರಬಹುದು, ವೈರಿನ ದೋಷ ಇರಬಹುದು ಅಂದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ಹಂಗಾಯ್ತು ಮೇಡಂ" ಎಂದು ಆ ಮನುಷ್ಯ ನಕ್ಕರು. ಫೋನಿಟ್ಟ ಮೇಲೆ ಆತನನ್ನು ನಾಲ್ಕು ಮಾತು ಬೈದುಕೊಂಡು ಸಮಾಧಾನ ಮಾಡಿಕೊಂಡೆ.

ಆದರೆ ನಿಯಮ ನಿಯಮವೇ. ಒಬ್ಬೊಬ್ಬರಿಗೆ ಮೂರು ಸಲ ಮಾತ್ರ ಅವಕಾಶ. ಮೂರರಲ್ಲಿ ಒಂದಾದರೂ ಚೊಕ್ಕಟವಾಗಿ ಬರದಿದ್ದರೆ ಅವರು ಅಧ್ಯಯನದಿಂದ ಹೊರಗೆ.

ಹೊರಗೆ ಅಂದ ಕೂಡಲೇ ನನಗೆ ಕಣ್ಮುಂದೆ ಬಂದವರು ಕಮ್ಮನಹಳ್ಳಿಯ ಅಜ್ಜಿ. ಎಪ್ಪತ್ತು ದಾಟಿದವರು. ಅವರ ಮನೆತನ ಅಲ್ಲಿ ಸೊಪ್ಪು, ಹೂಕೋಸು ಬೆಳೆಯುತ್ತಿದ್ದದ್ದು. ಈಗ ಆ ಹೊಲದಲ್ಲಿ ನಾಲ್ಕು ಅಂತಸ್ತಿನ ಮನೆ, ತುಂಬ ಬಾಡಿಗೆದಾರರು. ಎಣ್ಣೆ ಹಾಕಬೇಡಿ ಅಂದರೆ ಹಾಕದೆ, ಸೀಗೆಕಾಯಲ್ಲಿ ತೊಳೆದ ಬೆಳ್ಳಿ ಕೂದಲನ್ನು ಹರಡಿಕೊಂಡು ಬಂದ ಒಬ್ಬರೇ ಒಬ್ಬರು ಈ ಅಜ್ಜಿ. ಮೊದಲ ದಿನ ಸಹಿ ಹಾಕುವಾಗ, "ಇದರಿಂದ ನಿಮಗೆ ನೇರವಾಗಿ ಲಾಭ ಇಲ್ಲ ಅಜ್ಜಿ" ಎಂದು ನಿಯಮದಂತೆ ಹೇಳಿದ್ದೆ.

"ಗೊತ್ತು ಕಣಮ್ಮಾ. ನಮ್ಮಕ್ಕಂಗೆ ಇದೇ ಆಗಿದ್ದು. ಕೊನೇಲಿ ನನ್ನೇ ಕೇಳಿದ್ಲು, ಯಾರಮ್ಮಾ ನೀನು, ಯಾವೂರು ಅಂತ. ಅವ್ಳಿಗೆ ಯಾರೂ ಏನೂ ಮಾಡಕ್ಕಾಗ್ಲಿಲ್ಲ. ನನ್ ತಲೆ ನೋಡಿ ಇನ್ನೊಬ್ರ ಅಕ್ಕಂಗೆ ಒಳ್ಳೇದಾದ್ರೆ ಸಾಕು. ನನ್ನ ಮಾತ್ರ ಕೈ ಬಿಡಬೇಡ" ಅಂದಿದ್ದರು.

ಅವರ ಮೊದಲ ದಾಖಲೆಯೂ ತಿರಸ್ಕೃತವಾಗಿತ್ತು. ಮುಂಭಾಗದ ನಿಧಾನದ ಅಲೆ ಅವರದರಲ್ಲೇ ಎಲ್ಲರಿಗಿಂತ ಹೆಚ್ಚು.

ದಾಖಲೆಯ ಜೊತೆಗೆ ಕ್ಯಾಮೆರಾದಲ್ಲಿ ವಿಡಿಯೊ ಕೂಡ ಓಡುತ್ತಿರುತ್ತದೆ. ಕೂತವರು ಅಲುಗಾಡಿದರೆ ಗೊತ್ತಾಗಲಿ ಅಂತ. ನಾನು ಒಂದು ಮಧ್ಯಾಹ್ನ ಊಟ ಬಿಟ್ಟು ತಿರಸ್ಕೃತ ವಿಡಿಯೊಗಳನ್ನೆಲ್ಲ ಒಂದರ ಹಿಂದೊಂದು ಹಾಕಿ ನೋಡಿದೆ. ಯಾರೂ ತಲೆ ಅಲ್ಲಾಡಿಸಿಲ್ಲ, ಕಣ್ಣು ತೆರೆದಿಲ್ಲ. ಗೊಂಬೆಗಳ ಹಾಗೆ ಕೂತಿದ್ದಾರೆ. ಆದರೆ ಆರನೆಯ ವಿಡಿಯೊದಲ್ಲಿ ತೊಡೆಯ ಮೇಲಿಟ್ಟ ಕೈ ಕಣ್ಣಿಗೆ ಬಿತ್ತು. ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ ನಡೆಯುತ್ತಿತ್ತು. ಹಿಂದಿನ ವಿಡಿಯೊ ಹಾಕಿದೆ, ಅಲ್ಲೂ ಹೆಬ್ಬೆರಳು. ಶಿವಾಜಿನಗರದಿಂದ ಬಂದ ನಿವೃತ್ತ ಟೈಲರ್ ಸಾಹೇಬರದು, ಅಲ್ಲೂ ಅದೇ. ಹಲಸೂರಿನ ತಮಿಳು ಕ್ರೈಸ್ತ ಅಮ್ಮನವರದು, ಅಲ್ಲಿ ಸೆರಗಿನ ಒಳಗೆ ಏನೋ ಸರಿಯುತ್ತಿತ್ತು. ಜಪಮಾಲೆ!

"ಅಯ್ಯೋ ದೇವರೇ!" ಎಂದು ಕೂಗಿಯೇಬಿಟ್ಟೆ. ನಿಜಕ್ಕೂ ಅಲ್ಲಿದ್ದದ್ದು ದೇವರೇ. ಕಣ್ಣು ಮುಚ್ಚಿ ಅಂದರೆ ನಮ್ಮ ಹಿರಿಯರು ಸುಮ್ಮನೆ ಕೂರುವುದಿಲ್ಲ. ಕಣ್ಣು ಮುಚ್ಚುವುದು ಎಂದರೆ ಅವರಿಗೆ ಪ್ರಾರ್ಥನೆ. ನಾನು ಎಲ್ಲ ಜಾತಿ, ಎಲ್ಲ ಮತದವರ ಜಪವನ್ನೂ 'ವಿಶ್ರಾಂತಿ' ಎಂದು ಹೆಸರಿಟ್ಟು ವಿಶ್ಲೇಷಕರಿಗೆ ಕಳಿಸಿದ್ದೆ.

ಆದರೆ ಮನಸ್ಸಿನಲ್ಲಿ ಅಂದುಕೊಂಡರೆ ಸ್ನಾಯುವಿನ ಗದ್ದಲ ಎಲ್ಲಿಂದ ಬರಬೇಕು? ಇದನ್ನು ಖಾತ್ರಿ ಮಾಡಿಕೊಳ್ಳಬೇಕಿತ್ತು. ನರ್ಸನ್ನು ಕರೆದು ನನ್ನ ತಲೆಗೇ ಟೋಪಿ ಹಾಕಿಸಿಕೊಂಡೆ. ಕಣ್ಣು ಮುಚ್ಚಿ ಒಂದು ನಿಮಿಷ ಸುಮ್ಮನಿದ್ದೆ. ಆಮೇಲೆ ತುಟಿ ಬಿಗಿಹಿಡಿದು ಮನಸ್ಸಿನಲ್ಲೇ ಏಳರ ಮಗ್ಗಿ ಹೇಳಿಕೊಂಡೆ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು.

"ಅಕ್ಕಾ, ಬಂತು! ಅದೇ ಅಲೆ ಬಂತು!" ನರ್ಸ್ ಕಿರುಚಿದಳು. "ನೀವು ಬಾಯೇ ಬಿಟ್ಟಿಲ್ಲವಲ್ಲಕ್ಕಾ, ಹೆಂಗೆ?"

"ನಾಲಿಗೆ ಕಣೇ. ಒಳಗೇ ಕುಣೀತಾ ಇರುತ್ತೆ."

ನಾಲಿಗೆಯ ತುದಿಗೂ ಬುಡಕ್ಕೂ ವಿದ್ಯುತ್ತಿನ ವ್ಯತ್ಯಾಸವಿದೆ. ಅದು ಬಾಯೊಳಗೆ ಅಲುಗಿದರೆ ಸಾಕು, ಮುಂಭಾಗದ ತಂತಿಗಳಲ್ಲಿ ನಿಧಾನದ ಅಲೆಯಾಗಿ ಕಾಣಿಸುತ್ತದೆ, ಜೊತೆಗೆ ಬಿಗಿಯುವ ದವಡೆ ಗದ್ದಲ ಎಬ್ಬಿಸುತ್ತದೆ. ಓದುವಾಗ ಕಲಿತದ್ದು, ಪರೀಕ್ಷೆಯಲ್ಲಿ ಬರೆದದ್ದು, ಕೆಲಸಕ್ಕೆ ಸೇರಿದ ಮೇಲೆ ಮರೆತದ್ದು. ಪ್ರೋಟೀನು ಕೂಡಿದ ಮಿದುಳಿನಲ್ಲಿ ಹುಡುಕುತ್ತಿದ್ದ ನಿಧಾನಕ್ಕೂ ಈ ನಾಲಿಗೆಯ ನಿಧಾನಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ. ವಿಶ್ಲೇಷಕರು ತಿರಸ್ಕರಿಸದೆ ಇದ್ದಿದ್ದರೆ ನಾನು ಭಕ್ತಿಯನ್ನು ಕಾಯಿಲೆ ಎಂದು ಬರೆಸಿಬಿಡುತ್ತಿದ್ದೆ. ಬೈದದ್ದಕ್ಕೆ ಆತನಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ, ಬಾಯಿಬಿಟ್ಟು ಮಾತ್ರ ಕೇಳಲಿಲ್ಲ.

ಕಾರಣ ಸಿಕ್ಕಿತು, ಪರಿಹಾರ ಸಿಗಲಿಲ್ಲ. ದೇವರನ್ನು ನೆನೆಯಬೇಡಿ ಎಂದು ಯಾವ ಬಾಯಲ್ಲಿ ಹೇಳುವುದು? ಆದರೂ ಹೇಳಿ ನೋಡಿದೆ. ಟೈಲರ್ ಸಾಹೇಬರು ನೊಂದುಕೊಂಡು, "ಬೇಟಾ, ಟೋಪಿ ಹಾಕಿ, ವೈರ್ ಕಟ್ಟಿ, ಲೈಟ್ ಆರ್ಸಿ ಕೂರಿಸ್ತೀಯಾ. ಈಗ್ಲೇ ನೆನೀಬಾರ್ದು ಅಂದ್ರೆ ಇನ್ಯಾವಾಗ ನೆನೀಲಿ?" ಅಂದರು. ಇನ್ನೊಬ್ಬರು ತಾನು ಜಪ ಮಾಡುತ್ತಿಲ್ಲ, ಬರೀ ದೇವರ ಹೆಸರು ಹೇಳಿಕೊಳ್ಳುತ್ತಿದ್ದೇನೆ ಅಂದರು. ಅಳಿಯ ಅಲ್ಲ, ಮಗಳ ಗಂಡ! ಬೇಡ ಅಂದಷ್ಟೂ ಎಲ್ಲರ ನಾಲಿಗೆ ಇನ್ನೂ ಜೋರಾಗಿ ಓಡಿತು. ಆ ವಾರ ಇಬ್ಬರು ತಮ್ಮ ಎರಡನೆಯ ಅವಕಾಶವನ್ನೂ ಕಳೆದುಕೊಂಡರು. ಡಾಕ್ಟರ ಮುಂದೆ ಹೋಗಿ ಕೂತೆ.

"ಬೇರೆ ಕೇಂದ್ರಗಳಲ್ಲೂ ಇದೇ ಆಗಿರುತ್ತೆ ಡಾಕ್ಟ್ರೇ. ಅವರಿಗೆ ಗೊತ್ತಿಲ್ಲ ಅಷ್ಟೇ."

"ಸರಿ, ಏನ್ ಮಾಡೋಣ ಅಂತೀಯಾ?"

"ಮೊದ್ಲು ಜಪ ಮುಗಿಸಿಬಿಡ್ಲಿ. ಟೋಪಿ ಹಾಕಿದ ಮೇಲೆ ಹತ್ತು ನಿಮಿಷ ಅವ್ರದ್ದು. ಏನ್ ಬೇಕಾದ್ರೂ ಹೇಳ್ಕೊಳ್ಲಿ, ಜೋರಾಗೇ ಹೇಳ್ಕೊಳ್ಲಿ. ಮಂಗಳಾರತಿ ಆದ್ಮೇಲೆ ದೇವಸ್ಥಾನದಲ್ಲಿ ಜನ ಕಂಬಕ್ಕೆ ಒರಗಿ ಕೂತಿರ್ತಾರಲ್ಲ, ಏನೂ ಮಾಡ್ದೆ? ನಮಗೆ ಬೇಕಿರೋ ಐದು ನಿಮಿಷ ಅದೇ."

ಡಾಕ್ಟರು ಒಮ್ಮೆಲೇ ಒಪ್ಪಲಿಲ್ಲ. ನಡುವೆ ವಿಧಾನ ಬದಲಿಸುವುದು ಚಿಕ್ಕ ವಿಷಯವಲ್ಲ. ಮೊದಲು ಮಾಡಿದ ಜಪದಿಂದಲೇ ಆಮೇಲಿನ ಅಲೆ ಬದಲಾದರೆ ಏನು ಗತಿ ಎಂದು ಕೇಳಿದರು. ಹಾಗಾದರೆ ಎಲ್ಲರಿಗೂ, ಮೂರೂ ಕೇಂದ್ರಗಳಲ್ಲೂ, ಒಂದೇ ಹತ್ತು ನಿಮಿಷ. ದೇವರನ್ನು ನಂಬದವರಿಗೂ ಹತ್ತು ನಿಮಿಷ, ಅವರು ಕಿಟಕಿ ನೋಡಿಕೊಂಡಿರಲಿ. ನಾನು ಅಂದದ್ದು ಅಷ್ಟು. ಸಂಶೋಧನೆಗೆ ಅನುಮತಿ ಕೊಡುವ ನೀತಿ ಸಮಿತಿಗೆ ಪತ್ರ ಹೋಯಿತು, ವಿಶ್ಲೇಷಕರಿಗೆ ನನ್ನ ಏಳರ ಮಗ್ಗಿಯ ದಾಖಲೆ ಹೋಯಿತು. ಅದನ್ನು ನೋಡಿ ಆತ ಫೋನ್ ಮಾಡಿದರು. "ನೆಲವೇ ಡೊಂಕಿತ್ತು ಮೇಡಂ, ಒಪ್ಪಿಕೊಂಡೆ" ಅಂದರು. ಆ ದಿನ ನಾನು ನರ್ಸಿಗೆ ಮಸಾಲೆದೋಸೆ ಕೊಡಿಸಿದೆ.

ಅನುಮತಿ ಬಂದ ಮೇಲೆ ನಮ್ಮ ಕೋಣೆಯ ಕಳೆಯೇ ಬೇರೆಯಾಯಿತು. ಬೆಳಿಗ್ಗೆ ಒಬ್ಬರು ದೇವರನಾಮ ಹೇಳುತ್ತಿದ್ದರು, ಮಧ್ಯಾಹ್ನ ಇನ್ನೊಬ್ಬರು ತಸ್ಬೀ ಮಣಿ ಎಣಿಸುತ್ತಿದ್ದರು. ಒಬ್ಬ ನಿವೃತ್ತ ಕಾರ್ಖಾನೆ ಫೋರ್‌ಮನ್ ತನಗೆ ದೇವರಿಲ್ಲ ಎಂದು ಹತ್ತು ನಿಮಿಷ ಹಳೆಯ ಮ್ಯಾನೇಜರನ್ನು ಬೈದು ಹಗುರಾದರು. ಆಮೇಲೆ ದೀಪ ಮಬ್ಬು ಮಾಡಿ ಕಣ್ಣು ಮುಚ್ಚಲು ಹೇಳಿದರೆ ಪರದೆಯ ಮೇಲೆ ಆಲ್ಫಾ ಅಲೆಗಳು, ತಲೆಯ ಹಿಂಭಾಗದಿಂದ, ಸಮನಾಗಿ, ಸೆಕೆಂಡಿಗೆ ಒಂಬತ್ತು ಹತ್ತು, ಸಾಲಾಗಿ ಬರುತ್ತಿದ್ದವು. ಎಚ್ಚರವಾಗಿದ್ದೂ ಯಾವ ಕೆಲಸವೂ ಇಲ್ಲದ ಮಿದುಳಿನ ಅಲೆ ಅದು. ಅದನ್ನು ನೋಡುವಾಗ ನನಗಾಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ. ತಿರಸ್ಕೃತರಾದವರೆಲ್ಲ ಒಬ್ಬೊಬ್ಬರಾಗಿ ಪಾಸಾದರು.

ಕಮ್ಮನಹಳ್ಳಿಯ ಅಜ್ಜಿ ಮಾತ್ರ ಪಾಸಾಗಲಿಲ್ಲ.

ಎರಡನೆಯ ಸಲ ಬಂದಾಗ ಹತ್ತು ನಿಮಿಷ ಕೊಟ್ಟಿದ್ದೆ. ಅವರು ಆಗ ಏನೂ ಹೇಳಿಕೊಳ್ಳಲಿಲ್ಲ, ನರ್ಸಿನ ಜೊತೆ ಸೊಪ್ಪಿನ ರೇಟು ಮಾತಾಡಿದರು. ದೀಪ ಮಬ್ಬಾಗಿ ಕಣ್ಣು ಮುಚ್ಚಿದ್ದೇ ತಡ, ಹೆಬ್ಬೆರಳು ಗೆಣ್ಣಿನ ಮೇಲೆ ಓಡತೊಡಗಿತು, ನಿಧಾನದ ಅಲೆಗಳು ಎದ್ದವು. ಎರಡನೆಯ ಅವಕಾಶವೂ ಹೋಯಿತು. ಉಳಿದದ್ದು ಒಂದು.

ಮೂರನೆಯ ಅವಕಾಶದ ದಿನ ಅವರು ಸೊಸೆಯ ಜೊತೆ ಆಟೋದಲ್ಲಿ ಬಂದರು. ಚುಕ್ಕಿಗಳೆಲ್ಲ ಹಸಿರಾದ ಮೇಲೆ ಸೊಸೆಯನ್ನು ಹೊರಗೆ ಕೂರಿಸಿ ನಾನು ಅಜ್ಜಿಯ ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ.

"ಅಜ್ಜಿ, ಇವತ್ತೇ ಕೊನೇದು. ಇವತ್ತು ಬರ್ಲಿಲ್ಲ ಅಂದ್ರೆ ನಿಮ್ಮ ಹೆಸರು ತೆಗೆದುಬಿಡ್ತಾರೆ. ದಮ್ಮಯ್ಯ ಅಂತೀನಿ, ಆ ಜಪ ಏನಿದ್ಯೋ ಈಗ್ಲೇ ಮಾಡ್ಕೊಂಡುಬಿಡಿ."

"ಜಪ ಎಲ್ಲಿ ಮಾಡ್ತೀನಮ್ಮಾ? ಬೆಳಿಗ್ಗೆ ಪೂಜೆ ಮಾಡ್ಕೊಂಡೇ ಬಂದಿದ್ದೀನಿ."

"ಮತ್ತೆ ಬೆರಳಲ್ಲಿ ಎಣಿಸ್ತೀರಲ್ಲ, ಅದೇನು?"

ಅಜ್ಜಿ ಬಾಗಿಲ ಕಡೆ ನೋಡಿದರು. ಸೊಸೆಗೆ ಕೇಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದರು. "ಹೆಸ್ರು ಎಣಿಸ್ತೀನಿ ಕಣಮ್ಮಾ. ನಮ್ಮೋರ ಹೆಸ್ರು. ಮಕ್ಕಳು, ಮೊಮ್ಮಕ್ಕಳು, ಬಾಡಿಗೆಯವ್ರು, ಎಲ್ಲಾ. ಅಕ್ಕ ಹೋದಾಗಿಂದ ದಿನಾ ಎಣಿಸ್ತೀನಿ. ಒಂದು ಹೆಸ್ರು ಬಿಟ್ಹೋದ್ರೂ ನಂಗೂ ಶುರುವಾಯ್ತು ಅಂತ ಗೊತ್ತಾಗ್ಬೇಕಲ್ಲ? ಮೂವತ್ನಾಲ್ಕು ಹೆಸ್ರು. ನೀನು ಕಣ್ಣು ಮುಚ್ಚು ಅಂದ್ರೆ ನಂಗೆ ಭಯ ಆಗುತ್ತೆ, ಎಣಿಸಕ್ಕೆ ಶುರು ಮಾಡ್ತೀನಿ."

ನಾನು ಈ ಹೆಬ್ಬೆರಳನ್ನು ಎರಡು ತಿಂಗಳಿಂದ ಬೈದುಕೊಂಡು ಓಡಾಡಿದ್ದೆ.

ಮರೆತರೆ ಮರೆಯಲಿ ಬಿಡಿ ಎಂದು ಹೇಳುವಂತಿರಲಿಲ್ಲ. ಪ್ರೋಟೀನು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ನಿಮಗೇನೂ ಆಗಿಲ್ಲ ಎನ್ನುವ ಹಕ್ಕೂ ನನಗಿಲ್ಲ. ಹತ್ತು ನಿಮಿಷದಲ್ಲಿ ಏಳು ಉಳಿದಿತ್ತು. "ಅಜ್ಜಿ, ಒಂದು ಕೆಲಸ ಮಾಡೋಣ. ಆ ಹೆಸರೆಲ್ಲ ನಂಗೆ ಹೇಳಿ. ನಾನು ಬರ್ಕೊಂಡು ಕೈಲಿ ಹಿಡ್ಕೊಂಡಿರ್ತೀನಿ. ಐದು ನಿಮಿಷ ಅವ್ರೆಲ್ಲ ನನ್ ಜವಾಬ್ದಾರಿ. ಕಣ್ಣು ಬಿಟ್ಟ ತಕ್ಷಣ ನಿಮ್ಮ ಪಟ್ಟಿ ನಿಮಗೆ" ಎಂದೆ.

ಅಜ್ಜಿ ಸ್ವಲ್ಪ ಯೋಚಿಸಿ, "ಸರಿ, ಬರ್ಕೋ" ಎಂದು ಆಗಲೇ ಶುರು ಮಾಡಿಬಿಟ್ಟರು. ನನ್ನ ಏಪ್ರನ್ ಜೇಬಿನಲ್ಲಿ ಪೆನ್ನಿರಲಿಲ್ಲ. ಮೇಜಿನ ಮೇಲೆ ಜೆಲ್ ಟ್ಯೂಬು, ಹತ್ತಿ, ಟೇಪು ಎಲ್ಲ ಇದ್ದವು, ಅದೊಂದು ಇರಲಿಲ್ಲ. ನರ್ಸಿನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು ಒಂದು ಹಾಳೆಯಲ್ಲಿ ಬರೆಯತೊಡಗಿದೆ. ನಾರಾಯಣಪ್ಪ, ಅವರ ಯಜಮಾನರು. ಮುನಿರಾಜು, ಗೌರಮ್ಮ, ಪಿಳ್ಳಪ್ಪ. ಮೊಮ್ಮಕ್ಕಳು, ಅವರ ಮಕ್ಕಳು. ಎರಡನೇ ಮಹಡಿಯ ಜೋಸೆಫ್, ಅವನ ಹೆಂಡತಿ, ಅವರ ಕೂಸು. ಮೇಲಿನ ಮನೆಯ ಮಣಿಪುರದ ಮೂವರು ಹುಡುಗಿಯರು, ಅವರ ಹೆಸರನ್ನೂ ತಡವರಿಸದೆ ಹೇಳಿದರು. ಬಾಗಿಲಿಗೆ ಸೊಪ್ಪು ತರುವವಳು ಕೊನೆಗೆ. ನನಗೆ ನನ್ನ ಪಕ್ಕದ ಮನೆಯವರ ಹೆಸರು ಸರಿಯಾಗಿ ಗೊತ್ತಿಲ್ಲ!

ದಾಖಲೆಯಲ್ಲಿ ಷರಾ ಬರೆಯುವ ಜಾಗದಲ್ಲಿ, ಹೆಸರುಗಳ ಪಟ್ಟಿ ಮಾಡಿಕೊಂಡೆ ಎಂದು ಗುರುತು ಹಾಕಿದೆ. ಪಟ್ಟಿಯ ಹಾಳೆಯನ್ನು ಅಜ್ಜಿಗೆ ಕಾಣುವ ಹಾಗೆ ಎದೆಗೆ ಒತ್ತಿ ಹಿಡಿದುಕೊಂಡೆ. ನರ್ಸ್ ದೀಪ ಮಬ್ಬು ಮಾಡಿದಳು.

"ಭದ್ರವಾಗಿ ಹಿಡ್ಕೋ" ಎಂದು ಅಜ್ಜಿ ಕಣ್ಣು ಮುಚ್ಚಿದರು.

ಮೊದಲ ಅರ್ಧ ನಿಮಿಷ ಹೆಬ್ಬೆರಳು ಒಂದು ಗೆಣ್ಣಿನ ಮೇಲೆ ತಡಕಾಡಿತು. ಅಲ್ಲೇ ನಿಂತಿತು. ಆಮೇಲೆ ಅಂಗೈ ಬಿಚ್ಚಿಕೊಂಡಿತು. ಮುಂಭಾಗದ ಅಲೆಗಳು ತಗ್ಗಿದವು, ದವಡೆಯ ಗದ್ದಲ ಅಡಗಿತು, ಹಿಂಭಾಗದಿಂದ ಆಲ್ಫಾ ಮೆಲ್ಲಗೆ ಎದ್ದು ಬಂತು. ನಿಂತಿತು, ಮತ್ತೆ ಬಂತು, ಆಮೇಲೆ ನಿಲ್ಲಲೇ ಇಲ್ಲ. ನರ್ಸ್ ನನ್ನ ತೋಳು ಹಿಂಡುತ್ತಿದ್ದಳು. ಉಸಿರು ಬಿಟ್ಟರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ಐದು ನಿಮಿಷ ಮುಗಿಯಿತು.

"ಬಿಡಿ ಅಜ್ಜಿ ಕಣ್ಣು."

"ಬಂತಾ?"

"ಬಂತು ಅನ್ಸುತ್ತೆ ಅಜ್ಜಿ. ಅವ್ರು ನೋಡಿ ಹೇಳ್ಬೇಕು."

"ಎಲ್ಲಿ, ಓದು ನನ್ ಪಟ್ಟಿ."

ನಾನು ಒಂದೊಂದೇ ಹೆಸರು ಓದಿದೆ. ಅವರು ಗೆಣ್ಣು ಮುಟ್ಟಿ ಎಣಿಸಿದರು. ಮುಗಿದಾಗ ನನ್ನ ಮುಖವನ್ನೇ ನೋಡುತ್ತಾ ಕೇಳಿದರು. "ಎಷ್ಟಾಯ್ತು?"

ಎಣಿಸಿದೆ. "ಮೂವತ್ಮೂರು."

"ನಾನ್ ಹೇಳಿದ್ದು ಮೂವತ್ನಾಲ್ಕು."

ಮತ್ತೆ ಎಣಿಸಿದೆ. ಮೂವತ್ತಮೂರೇ. ಅಜ್ಜಿಯೇ ಒಂದು ಹೆಸರು ಬಿಟ್ಟರೇ? ಇದನ್ನು ಅವರಿಗೆ ನಾನು ಹೇಗೆ ಹೇಳಲಿ?

"ಮೊದಲನೇ ಹೆಸ್ರು ಯಾವ್ದು ಬರ್ದಿದ್ದೀಯಾ?"

"ನಾರಾಯಣಪ್ಪ, ನಿಮ್ಮ ಯಜಮಾನ್ರು."

"ಅದು ಎರಡನೇದು. ಮೊದ್ಲು ಹೇಳಿದ್ದು ಮುನಿಯಮ್ಮ, ನಮ್ಮಕ್ಕ. ಅವ್ಳು ನನ್ ಹೆಸ್ರು ಮರೆತ್ಲು, ನಾನು ಅವಳದ್ದು ಮರೀಬಾರ್ದು ಅಂತ ಯಾವಾಗ್ಲೂ ಅವ್ಳೇ ಮೊದ್ಲು. ನೀನು ಪೆನ್ನು ಹುಡುಕ್ತಾ ಇದ್ದೆ!" ಎಂದವರೇ, ತಲೆಯ ಮೇಲೆ ಟೋಪಿ, ಹಣೆಯ ಮೇಲೆ ಜೆಲ್ ಸೋರುತ್ತಿರುವ ಹಾಗೇ ಕೈ ತಟ್ಟಿ ನಕ್ಕುಬಿಟ್ಟರು. "ಲೇ ಸೊಸೆ, ಬಾರೇ ಇಲ್ಲಿ! ಮರ್ತಿದ್ದು ನಾನಲ್ಲ, ಈ ಅಮ್ಮ! ನೀನು ಬಿಚ್ಚಮ್ಮಾ ಈ ಟೋಪಿನ, ನಿನ್ ತಲೆಗೇ ಹಾಕ್ಕೋ!"

ನಕ್ಕು ನಕ್ಕು ನರ್ಸಿನ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಪೂರ್ತಿ ನಗುವಿನದಲ್ಲ. ಪಟ್ಟಿಯ ಮೇಲ್ಗಡೆ ಇದ್ದ ಸ್ವಲ್ಪ ಜಾಗದಲ್ಲಿ ಮುನಿಯಮ್ಮ ಎಂದು ಬರೆದು ಹಾಳೆಯನ್ನು ಅಜ್ಜಿಯ ಕೈಗೆ ಕೊಟ್ಟೆ. ಅವರು ಅದನ್ನು ಮಡಚಿ ಸೊಂಟದ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡರು.

ಎರಡು ದಿನ ಬಿಟ್ಟು ವಿಶ್ಲೇಷಕರ ಫೋನು ಬಂತು. "ಮೇಡಂ, ಆ ಅಜ್ಜೀದು ತಗೊಂಡಿದ್ದೀವಿ. ಐದು ನಿಮಿಷ ಚೊಕ್ಕಟವಾಗಿದೆ, ನಿಮ್ಮ ಕೇಂದ್ರದಿಂದ ಬಂದಿರೋದ್ರಲ್ಲೇ ಇದು ಚೆನ್ನಾಗಿದೆ. ಆದ್ರೆ ನೀವು ಮಷೀನ್ ನಿಲ್ಲಿಸೋದು ಮರೆತಿದ್ದೀರಾ. ಕೊನೇಲಿ ಎಲ್ಲಾ ತಂತೀಲೂ ಏನೋ ಭೂಕಂಪ ಆದಂಗಿದೆ. ಏನಂತ ಗುರುತು ಹಾಕ್ಕೊಳ್ಲಿ?"

"ನಗು ಅಂತ ಬರ್ಕೊಳ್ಳಿ ಸಾರ್" ಅಂದೆ.